ಮೂರ್ಜೊನ ಗುರುಗಳಿಗೆ, ತಲೆಯಾಡಿಸುವ ವಿಚಾರವಾಗಿ

ವಿಯೆನ್ನಾದಲ್ಲಿ ಹನ್ನೆರಡು ವರ್ಷ ನಾಯಿಗಳನ್ನು ಪಳಗಿಸಿ, ಈಗ ನಮ್ಮ ಪ್ಲೋವ್ದಿವ್ ನಗರವನ್ನು ಪಾವನಗೊಳಿಸಿರುವ ಶ್ವಾನಗುರು ಶ್ರೀ ಅಸೆನ್ ದ್ರಾಗೊಯೆವ್ ಅವರ ಸನ್ನಿಧಿಗೆ, ನಿವೃತ್ತ ಅಂಚೆ ಗುಮಾಸ್ತನ ನಮಸ್ಕಾರಗಳು.

ಮಾನ್ಯರೇ,

ತಮ್ಮನ್ನು ನಾನು ದುಡುಕಿ ಆರಿಸಲಿಲ್ಲ. ಮೊದಲು ಬಂದ ತರಬೇತುದಾರ ಬರೀ ಸೀಟಿ ಊದಿದ. ಎರಡನೆಯವನನ್ನು ಕಂಡು ಮಂಚದಡಿ ಸೇರಿದ ನಮ್ಮ ಮೂರ್ಜೊ ಸಂಜೆಯವರೆಗೆ ಹೊರಬರಲಿಲ್ಲ. ತಾವಾದರೋ ನೆಲದ ಮೇಲೆ ಕೂತು, ಅವನೇ ಹತ್ತಿರ ಬರುವವರೆಗೆ ಕಾದಿರಿ. ಇಂಥ ಹಟಮಾರಿಯನ್ನು ಹಿಂದೆ ಪಳಗಿಸಿದ್ದೀರಾ ಎಂದು ನಾನು ಕೇಳಿದಾಗ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದಿರಿ. ನಮ್ಮೂರಲ್ಲಿ ಅದಕ್ಕೆ ಹೌದು ಎಂದೇ ಅರ್ಥ, ಮೇಲೆ ಕೆಳಗೆ ಆಡಿಸಿದರೆ ಇಲ್ಲ, ಬೇಡ ಎಂದು. ವಿಯೆನ್ನಾದಲ್ಲಿ ಇದು ತಿರುವುಮುರುವು ಎಂಬುದು ನನಗೆ ಹೊಳೆಯಲೇ ಇಲ್ಲ.

ಆರೇ ವಾರಗಳಲ್ಲಿ ಮೂರ್ಜೊ ತಮ್ಮ ವಿಯೆನ್ನಾ ಪಾಠವನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ಯಾರು ತಲೆಯನ್ನು ಮೇಲೆ ಕೆಳಗೆ ಆಡಿಸಿದರೂ ಶಹಬ್ಬಾಸ್ ಎಂದುಕೊಂಡು, ಮಾಡುತ್ತಿದ್ದುದನ್ನೇ ಇಮ್ಮಡಿ ಉತ್ಸಾಹದಿಂದ ಮಾಡುತ್ತಾನೆ. ಕೆಳಮನೆಯ ಗಿನ್ಕಾ ಅಜ್ಜಿ ಕಿಟಕಿಯಲ್ಲಿ ಆರಲಿಟ್ಟ ಚೀಸ್ ತುಂಬಿದ ಬಾನಿತ್ಸಾವನ್ನು ಅವನು ಮೂಸಿದಾಗ, ಅವರು ಬೇಡವೆಂದು ತಲೆಯಾಡಿಸಿದರು. ಅವನು ಒಂದು ತುಂಡು ತಿಂದ. ಇನ್ನೂ ಜೋರಾಗಿ ಆಡಿಸಿದರು, ತಟ್ಟೆ ಖಾಲಿಯಾಯಿತು. "ಝಿವ್ಕೊ, ನಿನ್ನ ನಾಯಿ ನನ್ ಮುಖ ನೋಡ್ಕೊಂಡೇ ತಿಂತಲ್ಲೋ! ಭಾನುವಾರ ಕಟ್ಟಡದವರ ಸಭೆ ಕರೀತೀನಿ, ಅದು ಇರ್ಬೇಕಾ ಹೋಗ್ಬೇಕಾ ಅಲ್ಲೇ ತೀರ್ಮಾನ ಆಗ್ಲಿ" ಎಂದು ಮೆಟ್ಟಿಲ ಮೇಲೆಯೇ ಸಾರಿದರು. ಹೆಂಡತಿ ತೀರಿಕೊಂಡ ಮೇಲೆ ನಾನು ಮನೆಯಲ್ಲಿ ಮಾತಾಡುವುದು ಅವನೊಬ್ಬನ ಜೊತೆ. ಆ ವಾರ ನನಗೆ ಊಟ ಸೇರಲಿಲ್ಲ.

ಸಭೆಗೆ ಸಾಕ್ಷಿ ಹೇಳಲು ಬಂದ ತಮ್ಮ ಕೈಗೇ, ಕನ್ನಡಕ ಮರೆತಿದ್ದ ಅಜ್ಜಿ ನಡಾವಳಿ ಪುಸ್ತಕ ಕೊಟ್ಟು, "ಈ ನಾಯಿ ಇಲ್ಲೇ ಇರ್ಲೇನ್ರಪ್ಪಾ?" ಎಂದು ಕೇಳಿದರು. ಮತವಿಲ್ಲದ ನನ್ನನ್ನು ಬಿಟ್ಟು ಹನ್ನೊಂದು ಮನೆಯವರೂ ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಮೂರ್ಜೊ ಸಂತೋಷ ತಾಳಲಾರದೆ ಒಬ್ಬೊಬ್ಬರಿಗೂ ಮುಂಗಾಲು ನೀಡಿ ಬಂದ. ತಾವು 'ಸರ್ವಾನುಮತದ ಒಪ್ಪಿಗೆ' ಎಂದು ಬರೆದಿರಿ. ಅವರೆಲ್ಲ ಓದದೆ ಸಹಿ ಹಾಕಿದರು. ಮರುದಿನ ಗುಟ್ಟು ರಟ್ಟಾಯಿತು, ಆದರೆ ಸಹಿ ಬಿದ್ದ ನಿರ್ಣಯವನ್ನು ಮುಂದಿನ ವರ್ಷದವರೆಗೆ ಯಾರೂ ಮುಟ್ಟುವಂತಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮೂರ್ಜೊನನ್ನು ಇನ್ನು ತಿದ್ದಲಾಗದು, ಅವನು ಕಲಿತವನು. ಒಂದು ವರ್ಷದೊಳಗೆ ಈ ನಗರದ ಮೂರು ಲಕ್ಷ ಜನರಿಗೂ ವಿಯೆನ್ನಾದವರಂತೆ ತಲೆಯಾಡಿಸಲು ತಾವು ಕಲಿಸಬೇಕು. ಗಿನ್ಕಾ ಅಜ್ಜಿಯಿಂದ ಶುರುಮಾಡಬಹುದು.

ಕತ್ತು ಅಲುಗಿಸಲೂ ಅಂಜುತ್ತಿರುವ,
ತಮ್ಮ ವಿಶ್ವಾಸಿ
ಝಿವ್ಕೊ ತೋಪಾಲೊವ್

ಬಿಟ್ಟುಹೋದ ಮಾತು: ಮೂರ್ಜೊಗೆ ಇನ್ನೊಂದು ಸುತ್ತಿನ ತರಬೇತಿ ಬೇಕೇ ಎಂದು ನಿನ್ನೆ ತಾವು ಕೇಳಿದಾಗ ನಾನು ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ದಯವಿಟ್ಟು ಬರಬೇಡಿ.