ಆನೆ ಕಲಿಸಿದ್ದು

ತನಗೆ ಬಾರದ ವಿದ್ಯೆಯನ್ನು ಇನ್ನೊಬ್ಬರಿಗೆ ಕಲಿಸುವಾಗ ಹುಟ್ಟುವ ಉತ್ಸಾಹ, ಬರುವ ವಿದ್ಯೆಯನ್ನು ಕಲಿಸುವಾಗ ಹುಟ್ಟುವುದಿಲ್ಲ. ಇದು ನನ್ನ ಅನುಭವದ ಮಾತು. ಇಪ್ಪತ್ತರ ಮಗ್ಗಿ ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಅದನ್ನು ಹೇಳಿಕೊಡುವಾಗ ನನಗೂ ಮಕ್ಕಳಿಗೂ ಒಟ್ಟಿಗೇ ಆಕಳಿಕೆ. ಆದರೆ ಇನ್ನು ಮೇಲೆ ಮಕ್ಕಳಿಗೆ ಕೈಗೆಲಸವನ್ನೂ ಕಲಿಸಬೇಕೆಂದು ಇಲಾಖೆಯ ಹುಕುಂ ಬಂದ ದಿನ ನಾನು ಮನೆಯಲ್ಲಿ ಎರಡು ದೋಸೆ ಹೆಚ್ಚು ತಿಂದೆ. ಹುಟ್ಟಿದಾರಭ್ಯ ನಾನು ನೆಟ್ಟಗೆ ಒಂದು ಗೆರೆ ಎಳೆದವನಲ್ಲ.

ಹೊನ್ನಾವರದ ಆಚೆ, ಕರ್ಕಿಯ ದಾರಿಯಲ್ಲಿದ್ದ ಒಂದು ಕನ್ನಡ ಶಾಲೆಯಲ್ಲಿ ಆಗ ನಾನು ತಾತ್ಪೂರ್ತಿಕ, ಎಂದರೆ ಹಂಗಾಮಿ, ಮಾಸ್ತರ. ಯುದ್ಧದ ಕಾಲ. ಕಾಗದಕ್ಕೆ ಬರ, ಬಣ್ಣದ ಹೆಸರೆತ್ತುವ ಹಾಗಿಲ್ಲ. ಮಣ್ಣಿಗೆ ಮಾತ್ರ ರೇಶನ್ ಇರಲಿಲ್ಲ. ಶ್ರಾವಣದ ಒಂದು ಸೋಮವಾರ ದೀಪೋಟಿ ಸಾಹೇಬರು, ಎಂದರೆ ಶಾಲೆ ತಪಾಸಣೆಯ ಅಧಿಕಾರಿಗಳು, ಬರುವವರಿದ್ದರು. ಮಕ್ಕಳ ಕೈಗೆಲಸ ನೋಡಿ ಅವರು ತಪಾಸಣೆ ಪುಸ್ತಕದಲ್ಲಿ ಒಳ್ಳೆಯ ಶೆರಾ ಬರೆದರೆ ನಾನು ಖಾಯಂ. ಇಲ್ಲವಾದರೆ ಕುಮಟೆಯ ಮಾವನ ಅಂಗಡಿಯಲ್ಲಿ ಒಣಮೆಣಸು ತೂಗುವುದು. ಮೆಣಸಿನ ಘಾಟಿಗೆ ನನಗೆ ಸೀನು ಬರುತ್ತದೆ.

ಉಳಿದ ಶಾಲೆಗಳಲ್ಲೆಲ್ಲ ಮಣ್ಣಿನ ಬದನೆಕಾಯಿ, ಮಾವಿನಕಾಯಿ ಮಾಡಿಸುತ್ತಿದ್ದಾರೆಂದು ಸುದ್ದಿ ಬಂತು. ನನಗೆ ಛಲ ಹುಟ್ಟಿತು. ನಮ್ಮ ಶಾಲೆಯಲ್ಲಿ ಆನೆಯೇ ಆಗಬೇಕು! ಶುಕ್ರವಾರ ಗದ್ದೆಯಂಚಿನ ಜೇಡಿಮಣ್ಣು ತರಿಸಿ, ತೋಳು ಮಡಿಸಿ ಕುಳಿತೆ. ಆಹಾ, ಆ ಮಧ್ಯಾಹ್ನದ ಸಂಭ್ರಮ! ಮೂವತ್ತೊಂದು ಮಕ್ಕಳ ಮೂಗಿನ ಮೇಲೂ ಮಣ್ಣು, ನನ್ನ ಟೋಪಿಯ ಮೇಲೂ ಮಣ್ಣು. ಆದರೆ ಒಂದು ತೊಡಕು ಬಂತು. ಹಸಿ ಮಣ್ಣಿನ ನಾಲ್ಕು ಕಾಲುಗಳು ಆನೆಯ ಭಾರ ಹೊರಲಾರದೆ ಕುಸಿದವು. ಆಗ ನಾಲ್ಕನೇ ಇಯತ್ತೆಯ ನಾಗವೇಣಿ ತನ್ನ ಆನೆಯನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿಬಿಟ್ಟಳು. ಬೀಳಲಿಲ್ಲ. ಎಲ್ಲರೂ ಕೂರಿಸಿದರು. ಕೂತ ಆನೆಗೆ ಹೊಟ್ಟೆ ಬಂತು, ಹೊಟ್ಟೆಗೆ ಹಾವು ಬಂತು. ಚೌತಿ ಹತ್ತಿರ ಬಂದಿತ್ತು. ಮಕ್ಕಳು ದಿನವೂ ಮೂರ್ತಿ ಮಾಡುವ ಗುಡಿಗಾರರ ಜಗಲಿಯಲ್ಲಿ ನಿಂತು ನೋಡಿದ್ದು ಅದನ್ನೇ. ಕೊನೆಗೆ ಗುಲಗಂಜಿಯ ಕಣ್ಣನ್ನೂ ಇಟ್ಟರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆಯಿದೆಯಲ್ಲ; ನಮ್ಮವರು ಆನೆ ಮಾಡಲು ಹೋಗಿ ಮೂವತ್ತೊಂದು ಗಣಪತಿ ಮಾಡಿದ್ದರು. ನನಗೆ ಅದು ಹೊಳೆಯಲೇ ಇಲ್ಲ. ನಾನು ಒಬ್ಬನೇ ಹಟ ಹಿಡಿದು ನಿಂತ ಆನೆಯನ್ನು ಮಾಡುತ್ತಿದ್ದೆ. ಅದು ಐದು ಸಲ ಬಿತ್ತು. ಆರನೆಯ ಸಲ ಬಿದ್ದಾಗ ಅದನ್ನು ಹಾಗೇ ಬಿಟ್ಟೆ.

ಸೋಮವಾರ ಬೆಳಿಗ್ಗೆ ಕೋಟು ತೊಟ್ಟು ಸಾಹೇಬರನ್ನು ಎದುರುಗೊಳ್ಳಲು ಹೋದೆ. ಇದ್ದಿಲಿನ ಹೊಗೆಯಿಂದ ಓಡುವ ಬಸ್ಸು ಒಂದು ತಾಸು ತಡ. ಅವರನ್ನು ಕರೆದುಕೊಂಡು ಬರುವಾಗ ದಾರಿಯುದ್ದಕ್ಕೂ ಆನೆಗಳ ವರ್ಣನೆ ಮಾಡಿದೆ. ಶಾಲೆ ಸಮೀಪಿಸಿದಾಗ ಕೆರೆಯ ಕಡೆಯಿಂದ ಜಾಗಟೆಯ ಸದ್ದು ಕೇಳಿತು. ಮಕ್ಕಳು ಒದ್ದೆ ಕೈ ಕೊಡವುತ್ತ, ಕುಣಿಯುತ್ತ ಬರುತ್ತಿದ್ದರು. ಮುಂದೆ ನಾಗವೇಣಿಯ ಅಜ್ಜಿ. ಮೊಮ್ಮಗಳನ್ನು ಬಿಡಲು ಬಂದ ಆ ಮುದುಕಿ ಮರದ ಹಲಗೆಯ ಮೇಲಿನ ಸಾಲು ನೋಡಿ ಗಾಬರಿಯಾಗಿದ್ದಳಂತೆ.

"ಕಣ್ಣು ಇಟ್ಟ ಮೇಲೆ ಅದು ಮಣ್ಣಲ್ಲ ಮಾಸ್ತರ್ರೆ. ಮೂರು ದಿನ ದೇವ್ರನ್ನ ಉಪಾಸ ಕೂರ್ಸಿದ್ರಿ. ಬೆಲ್ಲ ತೋರ್ಸಿ, ಆರ್ತಿ ಮಾಡಿ, ನೀರಿಗೆ ಬಿಟ್ಟು ಬಂದ್ವಿ. ಆತಲ್ಲ, ಇನ್ನು ನಿಮ್ಗೆ ಎಂತ ದೋಷವೂ ಇಲ್ಲ" ಎಂದು ಸಮಾಧಾನ ಹೇಳಿದಳು.

ನನ್ನ ಮೂಗಿಗೆ ಆಗಲೇ ಮೆಣಸಿನ ಘಾಟು ಬಂದಿತ್ತು. ಸಾಹೇಬರು ಸಿಟ್ಟಾಗುವ ಹಾಗಿರಲಿಲ್ಲ. ಅವರ ಮನೆಯಲ್ಲೂ ಗಣಪತಿ ಕೂರುತ್ತದೆ. ವಿಸರ್ಜನೆಯಾದದ್ದನ್ನು ಮೇಲೆತ್ತಿ ತೋರಿಸಿ ಎನ್ನಲು ಬರುತ್ತದೆಯೇ? ಆದರೂ ತಪಾಸಣೆ ತಪಾಸಣೆಯೇ. ಒಳಗೆ ಬಂದವರು ಖಾಲಿ ಹಲಗೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಮೂಲೆಯಲ್ಲಿ ಒಂದೇ ಒಂದು ಉಳಿದಿತ್ತು, ನನ್ನದು. ಇದನ್ನೇಕೆ ಬಿಟ್ಟಿರಿ ಎಂದು ನಾಗವೇಣಿಯನ್ನು ಮೆಲ್ಲಗೆ ಕೇಳಿದೆ.

"ಅದ್ಕೆ ಕಣ್ಣು ಎಲ್ಲಿ ಇಡೂದು ಅಂತ ಗೊತ್ತಾಗ್ಲಿಲ್ಲ ಮಾಸ್ತರ್ರೆ."

ಅಷ್ಟರಲ್ಲಿ ಸಾಹೇಬರು ಅದನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದಿದ್ದರು. ಅವರ ಮುಖ ಅರಳಿತು. ಇಷ್ಟು ನೈಜವಾದ ಗೆಣಸನ್ನು ತಾವು ಜಿಲ್ಲೆಯಲ್ಲೇ ಕಂಡಿಲ್ಲವೆಂದೂ, ಬುಡದಲ್ಲಿ ಬೇರಿನ ಮೊಳಕೆಗಳನ್ನೂ ಬಿಟ್ಟಿಲ್ಲವೆಂದೂ ಹೊಗಳಿದರು. ಅವು ಕಾಲುಗಳು. ಇದನ್ನು ಮಾಡಿದ ಹುಡುಗ ಯಾರು ಎಂದು ಕೇಳಿದರು.

ಮಕ್ಕಳೆಲ್ಲ ನನ್ನ ಮುಖ ನೋಡಿದರು. ಆ ಕೂಸುಗಳು ನಿಜಕ್ಕೂ ದೇವರೇ. ಒಂದೂ ಬಾಯಿ ಬಿಡಲಿಲ್ಲ.

"ಇವತ್ತು ಬಂದಿಲ್ಲ ಸಾಹೇಬ್ರೆ" ಎಂದೆ. "ಬುದ್ಧಿ ಸ್ವಲ್ಪ ಮಂದ. ಆದ್ರೆ ಹಟಮಾರಿ."

ಸಾಹೇಬರಿಗೆ ಮನಸ್ಸು ಕರಗಿತು. ಅಲ್ಲೇ ಕುಳಿತು ಶೆರಾ ಬರೆದರು: ಮಂದಬುದ್ಧಿಯ ಹುಡುಗನಿಂದಲೂ ಇಂಥ ಗೆಣಸು ಮಾಡಿಸಿದ ಶಿಕ್ಷಕರನ್ನು ಖಾಯಂ ಮಾಡಲು ಅಡ್ಡಿಯಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, ಆ ಹುಡುಗನ ಕೈ ಎಂದೂ ಬಿಡಬೇಡಿ ಎಂದು ನನಗೆ ಪ್ರತ್ಯೇಕವಾಗಿ ತಾಕೀತು ಮಾಡಿದರು. ನಾನು ಬಿಡಲಿಲ್ಲ. ಅವನು ಅದೇ ಶಾಲೆಯಿಂದಲೇ ಪಿಂಚಣಿ ಪಡೆದು, ಈಗ ಮನೆಯ ಜಗಲಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದಾನೆ.