ಕಟ್ಟೆಮಳಲವಾಡಿ ಗೌರಮ್ಮನ ಕಫ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳಿದ ಪುಣ್ಯಾತ್ಮರು ಯಾರೋ, ಅವರಂತೂ ನಮ್ಮ ಲ್ಯಾಬಿಗೆ ಬಂದವರಲ್ಲ. ನಮ್ಮಲ್ಲಿ ಅಂಗೈ ಹುಣ್ಣನ್ನು ಬೆಳಗಿನ ಬಸ್ಸಿಗೆ ಹಾಕಿ ಹುಣಸೂರಿಗೆ ಕಳಿಸಿ, ಆಮೇಲೆ ಪಿರಿಯಾಪಟ್ಟಣದಲ್ಲೇ ಕೂತು ಕಂಪ್ಯೂಟರಿನಲ್ಲಿ ನೋಡುತ್ತೇವೆ. ತಮಾಷೆಗೆ ಹೇಳುತ್ತಿಲ್ಲ. ನಾನು ಲ್ಯಾಬ್ ಟೆಕ್ನಿಷಿಯನ್. ಇಪ್ಪತ್ತಾರು ವರ್ಷ ಜನರ ರಕ್ತ, ಕಫಗಳನ್ನು ಗಾಜಿನ ಮೇಲೆ ಬಳಿದು, ಬಣ್ಣ ಹಾಕಿ, ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿ ಬದುಕಿದವಳು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದವರ ಮುಖಕ್ಕಿಂತ ಅವರ ಹಳೆಯ ರಿಪೋರ್ಟೇ ನನಗೆ ಮೊದಲು ನೆನಪಾಗುತ್ತದೆ. ಇಂಥವಳ ಮೂಗಿನ ಕೆಳಗಿದ್ದ ಸ್ಲೈಡನ್ನು ಕಿತ್ತುಕೊಂಡು, ಮುಕ್ಕಾಲು ಗಂಟೆ ದಾರಿಯಾಚೆ ಇಟ್ಟು, ಈಗ ನೋಡಮ್ಮ ಎಂದರೆ ಹೇಗಾಗಬೇಡ?

ನಮ್ಮ ಸಂಸ್ಥೆಗೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಒಂದೊಂದು ಪುಟ್ಟ ಲ್ಯಾಬು. ಎರಡು ವರ್ಷದ ಹಿಂದೆ ದೊಡ್ಡವರಿಗೆ ಜ್ಞಾನೋದಯವಾಯಿತು. ತಾನೇ ಸ್ಲೈಡು ಎತ್ತಿಕೊಂಡು, ತಾನೇ ಎಣ್ಣೆ ಬಿಟ್ಟುಕೊಂಡು, ತಾನೇ ಫೋಕಸ್ ಮಾಡಿಕೊಳ್ಳುವ ಮೈಕ್ರೋಸ್ಕೋಪೊಂದನ್ನು ತಂದು ಹುಣಸೂರಿನಲ್ಲಿ ಪ್ರತಿಷ್ಠಾಪಿಸಿದರು. ಉಳಿದ ಊರಿನವರು ಸ್ಲೈಡುಗಳನ್ನು ಡಬ್ಬಿಗೆ ಹಾಕಿ ಬಸ್ ಕಂಡಕ್ಟರ ಕೈಗೆ ಕೊಡಬೇಕು. ಹುಣಸೂರಿನ ಟೆಕ್ನಿಷಿಯನ್ ಶಿವಣ್ಣ ಅದನ್ನು ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು ಯಂತ್ರಕ್ಕೆ ತುಂಬಬೇಕು. ಹನ್ನೊಂದಕ್ಕೆ ಸರಿಯಾಗಿ ನಾಲ್ಕೂ ಊರಿನವರು ಕಂಪ್ಯೂಟರಿನ ಮುಂದೆ ಕೂರಬೇಕು. ಯಾವ ಊರಿನ ಸ್ಲೈಡೋ ಆ ಊರಿನವರ ಕೈಯಲ್ಲಿ ಮೌಸು. ನಾನು ಇಲ್ಲಿ ಮೌಸು ಎಳೆದರೆ ಸ್ಲೈಡು ಅಲ್ಲಿ ಸರಿಯುತ್ತದೆ. ಸರಿಯಬೇಕು. ಆದರೆ ಅದು ಮೊಂಡು ಹೋರಿಯ ಹಾಗೆ ಮೊದಲ ಸಲ ಕದಲುವುದಿಲ್ಲ, ಎರಡನೇ ಸಲಕ್ಕೆ ಮೂರು ಮಾರು ಮುಂದೆ ಹೋಗಿ ನಿಲ್ಲುತ್ತದೆ. ಕೆ.ಆರ್. ನಗರದಿಂದ ಡಾಕ್ಟರ್ ಮೇಡಂ, ಕೋಟೆಯಿಂದ ಟೆಕ್ನಿಷಿಯನ್ ಪ್ರೇಮ, ಹುಣಸೂರಿನಿಂದ ಶಿವಣ್ಣ ಇದನ್ನೆಲ್ಲ ನೋಡುತ್ತಿರುತ್ತಾರೆ. ಒಬ್ಬರು ಕೆಮ್ಮಿದರೆ ನಾಲ್ಕು ತಾಲ್ಲೂಕಿಗೂ ಕೇಳಿಸುತ್ತದೆ.

ಆ ಕೆಮ್ಮು ನನಗೇ ಬಂತು. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ನಮ್ಮ ಕಡೆ ಕೆಮ್ಮದವರೇ ಇಲ್ಲ. ನಮ್ಮ ಮನೆಯ ಹಿಂದೆಯೇ ಸೊಪ್ಪು ಬೇಯಿಸುವ ಗೂಡು, ಬ್ಯಾರನ್ನು, ಇದೆ, ಸೊಪ್ಪು ಬೇಯುವಷ್ಟು ದಿನವೂ ಅದರ ಕಾವು, ಘಾಟು ಅಡುಗೆಮನೆಯವರೆಗೆ ಬರುತ್ತದೆ. ನಮ್ಮ ಯಜಮಾನರು, "ಬ್ಯಾರನ್ ಗಾಟು ಕಣೆ, ಬುಡು, ಸೊಪ್ಪು ಇಳುಸ್ದ್ ಮ್ಯಾಕೆ ತಾನೇ ವೋಯ್ತದೆ," ಅಂದರು. ಸೊಪ್ಪು ಇಳಿಯಿತು, ಮಾರ್ಕೆಟ್ಟಿಗೂ ಹೋಯಿತು, ಕೆಮ್ಮು ಮಾತ್ರ ಮನೆಯಲ್ಲೇ ಉಳಿಯಿತು. ಅತ್ತೆ ಮೆಣಸಿನ ಕಷಾಯ ಕೊಟ್ಟರು. ಸೀರೆ ಕುಪ್ಪಸ ಸಡಿಲವಾಗುತ್ತ ಬಂದದ್ದನ್ನು ನೋಡಿ ಪಕ್ಕದ ಮನೆಯವರು ಯಾವ ಡಯಟ್ಟು ಎಂದು ಕೇಳಿದರು, ನಾನು ರಾಗಿ ಗಂಜಿ ಎಂದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂಬ ದೊಡ್ಡ ಚಿತ್ರಪಟ ಲ್ಯಾಬಿನ ಗೋಡೆಯ ಮೇಲೆ ಇದೆ. ಅಂಟಿಸಿದವಳು ನಾನೇ. ಮೂರನೇ ವಾರ ನಾನು ಆ ಗೋಡೆಗೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡೆ.

ನಿಜ ಹೇಳುತ್ತೇನೆ, ನನಗೆ ಭಯವಾಗಿತ್ತು. ಟಿಬಿ ಎಂದರೆ ಆರು ತಿಂಗಳ ಮಾತ್ರೆ, ವಾಸಿಯಾಗುತ್ತದೆ, ಅದೆಲ್ಲ ನನಗೆ ಬಾಯಿಪಾಠ. ಆದರೆ ಅತ್ತೆ ನನ್ನ ತಟ್ಟೆಯನ್ನು ಬೇರೆ ಇಡುವ ದಿನ, ಮೊಮ್ಮಗುವನ್ನು ನನ್ನ ಮಡಿಲಿನಿಂದ ಯಾರಾದರೂ ಮೆಲ್ಲಗೆ ಎತ್ತಿಕೊಳ್ಳುವ ದಿನ ಕಣ್ಣಮುಂದೆ ಬಂದು ಕೂತಿತ್ತು. ಹಿಂದಿನ ಕಾಲವಾಗಿದ್ದರೆ ಬಾಗಿಲು ಹಾಕಿಕೊಂಡು ಹಳೆಯ ಮೈಕ್ರೋಸ್ಕೋಪಿನಲ್ಲಿ ನನ್ನ ಕಫವನ್ನು ನಾನೇ ನೋಡಿಕೊಳ್ಳಬಹುದಿತ್ತು. ಅದರ ಎಣ್ಣೆ ಲೆನ್ಸನ್ನು ಸ್ಪೇರ್ ಇರಲಿ ಎಂದು ಶಿವಣ್ಣ ಯಾವತ್ತೋ ಬಿಚ್ಚಿಕೊಂಡು ಹೋಗಿದ್ದ. ಬೇರೆ ಆಸ್ಪತ್ರೆಗೆ ಹೋಗೋಣವೆಂದರೆ ಎಲ್ಲ ಕಡೆ ನನ್ನ ಜೊತೆ ಟ್ರೇನಿಂಗ್ ಮಾಡಿದವರೇ ಕೂತಿದ್ದಾರೆ. ಹಾಗಾಗಿ ಒಂದು ಬೆಳಿಗ್ಗೆ ನನ್ನ ಸ್ಲೈಡನ್ನೂ ಉಳಿದವುಗಳ ಜೊತೆ ಡಬ್ಬಿಗೆ ಸೇರಿಸಿ, ಪಟ್ಟಿಯಲ್ಲಿ ನನ್ನ ಹೆಸರಿನ ಬದಲು ಗೌರಮ್ಮ, ಐವತ್ತಮೂರು, ಕಟ್ಟೆಮಳಲವಾಡಿ ಎಂದು ಬರೆದುಬಿಟ್ಟೆ. ಹೆಸರು ಬೇಡ, ಬರೀ ನಂಬರು ಹಾಕಿ ಎಂದೇ ಮೇಲಿನವರು ಹೇಳಿದ್ದರು. ಆದರೆ ನಂಬರು ಹಾಕಿದ ದಿನವೆಲ್ಲ ಶಿವಣ್ಣ ಇದ್ಯಾರು, ಅದ್ಯಾರು ಎಂದು ಫೋನು ಮಾಡುತ್ತಿದ್ದುದರಿಂದ ನಾವೇ ಆ ನಿಯಮವನ್ನು ಕೈಬಿಟ್ಟಿದ್ದೆವು.

ಅಂದು ಹನ್ನೊಂದಕ್ಕೆ ನನ್ನ ಸರದಿ ಬಂತು. ಪರದೆಯ ಮೇಲೆ ನೀಲಿ ನೆಲ ಮೂಡಿತು. ಆ ನೀಲಿಯಲ್ಲಿ ಕೆಂಪು ಕಡ್ಡಿಗಳು ಕಂಡರೆ ಟಿಬಿ, ಕಾಣದಿದ್ದರೆ ಗೌರಮ್ಮ ಬದುಕಿದಳು. ಇಪ್ಪತ್ತಾರು ವರ್ಷ ಕಡ್ಡಿ ಹುಡುಕಿದ ಕೈ ಅಂದು ಕಡ್ಡಿ ಕಾಣದ ಜಾಗ ಹುಡುಕಿತು. ಕಫ ದಟ್ಟವಾಗಿದ್ದ ನಡುಭಾಗ ಬಿಟ್ಟು ನಾನು ಗಾಜಿನ ಅಂಚಿನಲ್ಲೇ, ಬದುವಿನ ಮೇಲೆ ನಡೆಯುವವಳಂತೆ, ಮೌಸು ಎಳೆಯುತ್ತ ಹೋದೆ. ಹತ್ತು ಜಾಗ ನೋಡಿದೆ, ಖಾಲಿ. ಇಪ್ಪತ್ತು ನೋಡಿದೆ, ಖಾಲಿ. ಎದೆ ಹಗುರಾಗಿ ಒಂದು ಕೆಮ್ಮೂ ಬಂತು. ಮೈಕು ಆಫ್ ಮಾಡುವಷ್ಟರಲ್ಲಿ ಮೂರು ತಾಲ್ಲೂಕು ದಾಟಿತ್ತು.

"ಅಕ್ಕ, ಒಸಿ ನಡೂಕ್ ವೋಗಿ, ಅಂಚಲ್ಲೇನೈತೆ," ಎಂದಳು ಪ್ರೇಮ. ಈ ಕೆಲಸವನ್ನು ಅವಳಿಗೆ ಕಲಿಸಿಕೊಟ್ಟವಳು ನಾನೇ. ಅಂಚು ನೋಡಿ ನೆಗೆಟಿವ್ ಬರೆಯುವವರಿಗೆ ಪಾಪ ತಟ್ಟುತ್ತದೆ ಎಂದು ಅವಳಿಗೆ ಹೇಳಿದ್ದವಳೂ ನಾನೇ. ಇಂಟರ್ನೆಟ್ ನಿಧಾನವಿದೆ, ಮೌಸು ಕೇಳುತ್ತಿಲ್ಲ ಎಂದು ಏನೋ ಗೊಣಗಿದೆ. ಹಾಗಾದರೆ ತಾವೇ ನಡೆಸುವುದಾಗಿ ಹೇಳಿ ಡಾಕ್ಟರ್ ಮೇಡಂ ಕೆ.ಆರ್. ನಗರದಿಂದ ಚುಕ್ಕಾಣಿ ಹಿಡಿದರು. ನನಗೆ ಎಂದೂ ಬಗ್ಗದ ಹೋರಿ ಅವರಿಗೆ ಒಂದೇ ಮಾತಿಗೆ ಬಗ್ಗಿ ನೇರ ನಡುವಿಗೆ ಹೋಗಿ ನಿಂತಿತು. ಕೆಂಪು ಕಡ್ಡಿಗಳು ಅಲ್ಲಿದ್ದವು. ಒಂದಲ್ಲ, ಎರಡಲ್ಲ, ರಾಗಿ ಹೊಲಕ್ಕೆ ಬಿದ್ದ ಕಳೆಯಂತೆ ಎಲ್ಲಿ ನೋಡಿದರೂ ಇದ್ದವು.

ನನ್ನ ಎದೆಯೊಳಗಿನದನ್ನು ನಾಲ್ಕು ಊರಿನವರು ಕೂತು ನೋಡುತ್ತಿದ್ದರು. ಮೇಡಂ ಮಾತ್ರ ಸಂತೋಷದಿಂದ, ಸ್ಟೈನಿನ ಬಣ್ಣ ಎಷ್ಟು ಸ್ವಚ್ಛವಾಗಿ ಬಂದಿದೆ, ಇಷ್ಟು ಒಳ್ಳೆಯ ಸ್ಲೈಡು ತಾವು ಈಚೆಗೆ ನೋಡಿಲ್ಲ, ಇದನ್ನು ಹೊಸಬರ ತರಬೇತಿಗೆ ಎತ್ತಿಟ್ಟುಕೊಳ್ಳೋಣ ಎಂದರು. ಇಷ್ಟು ವರ್ಷದ ನೌಕರಿಯಲ್ಲಿ ಯಾರೂ ನನ್ನ ಸ್ಲೈಡನ್ನು ಹೊಗಳಿದ್ದಿಲ್ಲ. ಹೊಗಳಿಕೆ ಬಂದದ್ದೂ ಬಂತು, ಹೀಗೆ ಬಂತು. ನಾನು ಥ್ಯಾಂಕ್ಸ್ ಎಂದೆ, ಮತ್ತೇನು ಹೇಳಲಿ?

ಅಷ್ಟಕ್ಕೇ ಮುಗಿದಿದ್ದರೆ ಸಾಕಿತ್ತು. "ಅಕ್ಕ, ಕಟ್ಟೆಮಳಲವಾಡಿ ಅಂದ್ರೆ ನಮ್ಮೂರು ಕಣಕ್ಕ. ಯಾರ್ ಮನೆ ಗೌರಮ್ಮ?" ಎಂದ ಶಿವಣ್ಣ. ನಮ್ಮ ಕಡೆ ಸುಳ್ಳು ಹೆಸರು ಹೇಗೋ ನಡೆದುಹೋಗುತ್ತದೆ, ಸುಳ್ಳು ಊರು ಮಾತ್ರ ಹೇಳಬಾರದು. ಊರು ಹೇಳಿದ ಮೇಲೆ ಬೀದಿ ಹೇಳಬೇಕು, ಬೀದಿ ಹೇಳಿದ ಮೇಲೆ ಗಂಡನ ಹೆಸರು, ಅವನ ಅಣ್ಣತಮ್ಮಂದಿರು, ಆ ಮನೆಯ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳು. ನಾನು ಬಾಯಿಗೆ ಬಂದಂತೆ ನಾಲೆ ಪಕ್ಕದ ಮನೆ ಎಂದೆ. ಅವನು ನಾಲೆ ಪಕ್ಕದ ಮನೆಗಳನ್ನೆಲ್ಲ ಒಂದೊಂದಾಗಿ ಎಣಿಸಿ, ಯಾವುದರಲ್ಲೂ ಗೌರಮ್ಮ ಇಲ್ಲವೆಂದು ಸಾಬೀತು ಮಾಡಿದ. ಮೇಲಿನ ಬೀದಿಯಲ್ಲಿ ಒಬ್ಬ ಗೌರಮ್ಮ ಇದ್ದಾಳೆ, ಅವಳೇ ಇರಬೇಕು, ಊರಿನ ಆಶಾ ಕಾರ್ಯಕರ್ತೆ ತನ್ನ ತಂಗಿಯೇ, ಈಗಲೇ ಫೋನು ಮಾಡಿ ಕಳಿಸುತ್ತೇನೆಂದು ಹೊರಟ. ಯಾವ ಪಾಪವನ್ನೂ ಅರಿಯದ, ಬಹುಶಃ ಆ ಹೊತ್ತಿಗೆ ಅವರೆಕಾಯಿ ಬಿಡಿಸುತ್ತ ಕೂತಿದ್ದ ಆ ಹೆಂಗಸಿನ ಬಾಗಿಲಿಗೆ ನನ್ನ ಕಾಯಿಲೆ ಹೋಗಿ ನಿಲ್ಲುವುದರಲ್ಲಿತ್ತು. ಫೋನು ಮಾಡಬೇಡ, ಆಕೆ ಊರು ಬಿಟ್ಟು ಬಹಳ ದಿನವಾಯಿತು, ಈಗ ಪಿರಿಯಾಪಟ್ಟಣದಲ್ಲೇ ಇದ್ದಾಳೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಪಿರಿಯಾಪಟ್ಟಣದಲ್ಲಿ ಎಲ್ಲಿ?" ಎಂದರು ಮೇಡಂ.

"ಇಲ್ಲೇ ಕೂತವ್ರೆ ಮೇಡಂ."

"ಓ, ಒಳ್ಳೇದಾಯ್ತು. ಗಾಬರಿಯಾಗಿದಾರಾ?"

"ಸ್ವಲ್ಪ ಆಗವ್ರೆ."

"ಹಾಗಾದ್ರೆ ಈಗ್ಲೇ ಹೇಳ್ಬಿಡಿ. ಇಂಥದ್ದನ್ನ ನಿಮ್ಮಷ್ಟು ಚೆನ್ನಾಗಿ ಹೇಳೋರು ಯಾರಿದಾರೆ ಮಂಗಳಮ್ಮ? ನಾಳೆಯಿಂದ ಮಾತ್ರೆ ಶುರುವಾಗ್ಲಿ."

ಹೇಳುತ್ತೇನೆ ಎಂದು ಕಂಪ್ಯೂಟರು ಆರಿಸಿದೆ. ಕತ್ತಲಾದ ಪರದೆಯಲ್ಲಿ ಐವತ್ತಮೂರು ವರ್ಷದ ಹೆಂಗಸೊಬ್ಬಳ ಮುಖ ಕಾಣುತ್ತಿತ್ತು. ಅವಳಿಗೆ ನನ್ನ ಮಾಮೂಲಿ ಮಾತುಗಳನ್ನೆಲ್ಲ ಹೇಳಿದೆ. ಇದು ಪೂರ್ತಿ ವಾಸಿಯಾಗುವ ಕಾಯಿಲೆ ಕಣಮ್ಮ ಎಂದೆ. ಒಂದು ದಿನವೂ ಮಾತ್ರೆ ತಪ್ಪಿಸಬೇಡ, ಮನೆಯವರಿಗೆ ಇವತ್ತೇ ಹೇಳು, ಎಲ್ಲರನ್ನೂ ಕರೆದುಕೊಂಡು ಬಂದು ಪರೀಕ್ಷೆ ಮಾಡಿಸು, ಮೊಮ್ಮಗುವನ್ನಂತೂ ಮೊದಲು ತೋರಿಸು ಎಂದೆ. ಮುಚ್ಚಿಟ್ಟರೆ ಕಾಯಿಲೆಗೆ ಅನುಕೂಲ, ನಿನಗಲ್ಲ ಎಂದೂ ಹೇಳಿದೆ. ಅವಳು ಎಲ್ಲದಕ್ಕೂ ಹೂಂ, ಹೂಂ ಎಂದು ತಲೆಯಾಡಿಸಿದಳು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಇಷ್ಟು ವರ್ಷದ ಅನುಭವದ ಮೇಲೆ ಹೇಳುತ್ತೇನೆ, ಹಾಗೆ ಪ್ರಶ್ನೆ ಕೇಳದೆ ತಲೆಯಾಡಿಸುವವರು ಮನೆಗೆ ಹೋಗಿ ಯಾರಿಗೂ ಏನೂ ಹೇಳುವುದಿಲ್ಲ.