ಮಾದರಿ ಮಗುವಿನ ಅಂಕಪಟ್ಟಿ

ಟಿವಿಯಲ್ಲಿ ಬರುವ ಹೊಡೆತ, ಇರಿತ, ಕೊಲೆ ಇತ್ಯಾದಿಗಳಿಂದ ಮಕ್ಕಳನ್ನು ಕಾಪಾಡುವ ಹೊಣೆ ಯಾರದು ಎಂಬ ಪ್ರಶ್ನೆ ಹನ್ನೊಂದು ವರ್ಷ ನಾಲ್ಕು ತಿಂಗಳಿನಿಂದ ಇತ್ಯರ್ಥವಾಗದೆ ಉಳಿದಿತ್ತು. ಈಗ ಇತ್ಯರ್ಥವಾಗಿದೆ. ಆ ಹೊಣೆ ನನ್ನ ಮಗಳದು. ಅವಳಿಗೆ ಏಳು ವರ್ಷ.

ಇದರಲ್ಲಿ ಯಾರ ಒತ್ತಾಯವೂ ಇಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ. ಮೊದಲು ಚಾನೆಲ್ಲಿನವರನ್ನು ಕೇಳಲಾಯಿತು. ತಾವು ತೋರಿಸುವವರು ಮಾತ್ರ, ನೋಡುವವರು ಬೇರೆಯವರು ಎಂದರು. ತಂದೆತಾಯಿಗಳನ್ನು ಕೇಳಿದರೆ, ಆ ಹೊತ್ತಿನಲ್ಲಿ ತಾವು ಅಡುಗೆಮನೆಯಲ್ಲಿದ್ದೆವು ಎಂದು ಇಬ್ಬರೂ ಹೇಳಿದರು. ಶಾಲೆಯವರು ತಮ್ಮಲ್ಲಿ ಟಿವಿಯೇ ಇಲ್ಲವೆಂದು ಕೈತೊಳೆದುಕೊಂಡರು. ಟಿವಿ ಮಾರುವ ಅಂಗಡಿಯವನಂತೂ, ‘ಆಫ್ ಮಾಡೋ ಗುಂಡಿ ಕೊಟ್ಟಿದ್ದೀನಲ್ಲ ಸ್ವಾಮಿ, ಇನ್ನೇನು ಕೊಡ್ಲಿ?’ ಎಂದು ನಮ್ಮನ್ನೇ ಕೇಳಿದ. ಈ ಎಲ್ಲ ಉತ್ತರಗಳನ್ನೂ ಒಂದು ಕಡತಕ್ಕೆ ಸೇರಿಸಿ, ಆ ಕಡತವನ್ನು ಇಟ್ಟುಕೊಳ್ಳಲು ಬಾಲನೋಟ ಸಂರಕ್ಷಣಾ ಇಲಾಖೆಯನ್ನು ಸ್ಥಾಪಿಸಲಾಯಿತು. ನಾನು ಅಲ್ಲಿ ಗುಮಾಸ್ತ.

ಇಲಾಖೆಯ ಏಳನೇ ನಿಯಮ ಹೀಗಿದೆ: ‘ಮಕ್ಕಳು ನೋಡಬಾರದ ಕಾರ್ಯಕ್ರಮ ಯಾವುದೆಂಬುದನ್ನು, ಸದರಿ ಕಾರ್ಯಕ್ರಮವನ್ನು ಒಂದು ಮಗುವಿಗೆ ತೋರಿಸಿಯೇ ನಿರ್ಧರಿಸತಕ್ಕದ್ದು.’ ದೊಡ್ಡವರೇ ನೋಡಿ ಹೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಅದನ್ನೂ ಮಾಡಿ ನೋಡಿದ್ದೆವು. ಐವರು ಹಿರಿಯ ಅಧಿಕಾರಿಗಳ ಸಮಿತಿಯು ಒಂದು ಸೇಡಿನ ಧಾರಾವಾಹಿಯನ್ನು ಮೂರು ದಿನ ಬಾಗಿಲು ಹಾಕಿಕೊಂಡು ನೋಡಿ, ‘ಮುಂದಿನ ಕಂತು ನೋಡದೆ ಅಭಿಪ್ರಾಯ ಹೇಳಲಾಗದು’ ಎಂದು ವರದಿ ಕೊಟ್ಟಿತು. ಸಮಿತಿ ಇಂದಿಗೂ ನೋಡುತ್ತಿದೆ.

ಹೀಗಾಗಿ ಒಂದು ಮಗು ಬೇಕಾಯಿತು. ಸಾಹೇಬರು ನನ್ನನ್ನು ಕರೆಸಿದರು.

‘ನಿಮಗೆ ಮಗು ಇದೆ ಅಲ್ವಾ?’

‘ಇದೆ ಸಾರ್. ತಮಗೂ ಇಬ್ಬರು...’

‘ನಮ್ಮ ಮಕ್ಕಳು ಟಿವಿ ನೋಡಲ್ಲ ರೀ. ಕೆಟ್ಟುಹೋಗ್ತಾರೆ.’ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ‘ನಿಮ್ಮದು ಒಂದೇ ಮಗು. ಅದೊಂದು ನೋಡಿದ್ರೆ ಮಿಕ್ಕ ಮಕ್ಕಳೆಲ್ಲ ಬಚಾವು. ಯೋಚನೆ ಮಾಡಿ. ಸಂಜೆಯೊಳಗೆ ಸಹಿ ಮಾಡಿಕೊಡಿ.’

ನನ್ನ ಹೆಂಡತಿ ನರ್ಸು. ಯಾವುದಕ್ಕೂ ಸುಲಭವಾಗಿ ತಲೆಯಾಡಿಸುವವಳಲ್ಲ.

‘ಅದನ್ನೆಲ್ಲ ನೋಡೋವಾಗ ಅವಳ ಹತ್ರ ಯಾರಿರ್ತಾರೆ?’ ಎಂದು ಕೇಳಿದಳು.

‘ನಾನೇ ಇರ್ತೀನಿ ಕಣೇ. ಅಂಕ ಹಾಕೋನು ನಾನೇ.’

‘ಅಪ್ಪ ಪಕ್ಕದಲ್ಲಿದ್ರೆ ಸರಿ ಬಿಡಿ. ಹೆದರಲ್ಲ’ ಎಂದು ಸಮವಸ್ತ್ರಕ್ಕೆ ಇಸ್ತ್ರಿ ಹಾಕಲು ಹೋದಳು.

ಮಗಳನ್ನು ನಾವು ಪಿಳಿಪಿಳಿ ಎಂದು ಕರೆಯುತ್ತಿದ್ದೆವು. ಏನು ಕಂಡರೂ ಅಷ್ಟು ಕಣ್ಣು ಪಿಳುಕಿಸುತ್ತಿದ್ದಳು. ಇಲಾಖೆಯ ದಾಖಲೆಯಲ್ಲಿ ಅವಳ ಹೆಸರು ಮಾದರಿ ಮಗು. ಶಾಲೆ ಬಿಟ್ಟ ಮೇಲೆ, ಮತ್ತು ಅತಿ ಹೆಚ್ಚು ಹೊಡೆದಾಟಗಳು ಪ್ರಸಾರವಾಗುವ ದಿನವಾದ್ದರಿಂದ ಭಾನುವಾರ ಪೂರ್ತಿ, ಮೂರನೇ ಮಹಡಿಯ ಕೋಣೆಯಲ್ಲಿ ಅವಳ ಕೆಲಸ. ಅವಳಿಗೊಂದು ಕುರ್ಚಿ, ಎದುರಿಗೆ ಟಿವಿ, ಪಕ್ಕದಲ್ಲಿ ನನ್ನ ಮೇಜು. ಕುರ್ಚಿ ದೊಡ್ಡವರದು. ಕಾಲು ನೆಲ ಮುಟ್ಟದೆ ಅವಳ ಚಪ್ಪಲಿ ಆಗಾಗ ಕಳಚಿ ಬೀಳುತ್ತಿತ್ತು.

ಅಂಕಪಟ್ಟಿ ಸರಳವಾಗಿತ್ತು. ಮಗು ಕಣ್ಣು ಪಿಳುಕಿಸಿದರೆ ಒಂದು. ಉಗುರು ಕಚ್ಚಿದರೆ ಎರಡು. ಮುಖ ಮುಚ್ಚಿಕೊಂಡರೆ ಮೂರು. ಅತ್ತರೆ ನಾಲ್ಕು, ಕಾರ್ಯಕ್ರಮ ನಿಷೇಧ. ಏನೂ ಮಾಡದಿದ್ದರೆ ಸೊನ್ನೆ, ಅಂದರೆ ಕಾರ್ಯಕ್ರಮದಲ್ಲಿ ಹಿಂಸೆ ಇಲ್ಲ.

ಮೊದಲ ದಿನ ಒಬ್ಬ ದಪ್ಪ ಮೀಸೆಯವನು ಇನ್ನೊಬ್ಬ ದಪ್ಪ ಮೀಸೆಯವನನ್ನು ಮಹಡಿಯಿಂದ ಎಸೆದ. ಪಿಳಿಪಿಳಿ ಪಟ್ಟಿಯಲ್ಲಿಲ್ಲದ ಕೆಲಸ ಮಾಡಿದಳು. ಓಡಿಬಂದು ನನ್ನ ಮಡಿಲಲ್ಲಿ ಮುಖ ಹುದುಗಿಸಿದಳು. ನಾನು ತಲೆ ನೇವರಿಸಿದೆ. ಅವಳು ಅಳಲಿಲ್ಲ.

ಪರೀಕ್ಷೆ ಅಸಿಂಧುವಾಯಿತು. ಮರುದಿನವೇ ಸುತ್ತೋಲೆ ಬಂತು: ‘ಪರೀಕ್ಷೆಯ ವೇಳೆ ಹಾಜರಿರುವ ವಯಸ್ಕರು ತಮ್ಮ ಮಡಿಲನ್ನಾಗಲೀ ಕೈಯನ್ನಾಗಲೀ ಮಾದರಿ ಮಗುವಿನ ಬಳಕೆಗೆ ಒದಗಿಸಕೂಡದು. ಇದರಿಂದ ಫಲಿತಾಂಶವು ತಪ್ಪಾಗುತ್ತದೆ.’ ನಾನು ಮಡಿಲ ಮೇಲೆ ಕಡತದ ಟ್ರೇ ಇಟ್ಟುಕೊಂಡು ಕೂತೆ. ಅದೇ ಕಾರ್ಯಕ್ರಮವನ್ನು ಮತ್ತೆ ತೋರಿಸಲಾಯಿತು. ಓಡಿಬಂದಳು, ಟ್ರೇ ನೋಡಿದಳು, ವಾಪಸು ಹೋದಳು. ಮೂರನೇ ಸಲ ಅರ್ಧ ದಾರಿಗೆ ಬಂದು ನಿಂತಳು. ನಾಲ್ಕನೇ ಸಲ ಎದ್ದೇಳಲಿಲ್ಲ, ಕೂತಲ್ಲೇ ಅತ್ತಳು. ಎದ್ದು ಹೋಗಿ ಎತ್ತಿಕೊಳ್ಳಬೇಕು ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ಪಟ್ಟಿಯಲ್ಲಿ ಗುಮಾಸ್ತರಿಗೆ ಅನ್ನಿಸಿದ್ದಕ್ಕೆ ಅಂಕಣವಿರಲಿಲ್ಲ. ನಾಲ್ಕು ಎಂದು ಬರೆದು ಸಹಿ ಹಾಕಿದೆ.

ಮೊದಲ ತಿಂಗಳಲ್ಲಿ ಹದಿನಾಲ್ಕು ಕಾರ್ಯಕ್ರಮಗಳು ನಿಷೇಧವಾದವು. ಚಾನೆಲ್ ಪ್ರತಿನಿಧಿ ಬೆವರು ಒರೆಸಿಕೊಳ್ಳುತ್ತಾ ಬಂದರು.

‘ಏನ್ ಸಾರ್ ಇದು? ನಿನ್ನೆದರಲ್ಲಿ ಸತ್ತಿದ್ದೇ ಎಂಟು ಜನ. ಅದರಲ್ಲೂ ಇಬ್ಬರು ಮುಂದಿನ ವಾರ ಎದ್ದು ಬರ್ತಾರೆ.’

‘ಸ್ವಲ್ಪ ತಾಳ್ಮೆ ಇರಲಿ. ಮಗು ಹೊಸದು’ ಎಂದು ಸಾಹೇಬರು ಸಮಾಧಾನ ಮಾಡಿದರು.

ಸಾಹೇಬರ ಅನುಭವ ದೊಡ್ಡದು. ಎರಡನೇ ತಿಂಗಳು ನಾಲ್ಕುಗಳು ಮೂರಾದವು. ಮೂರನೇ ತಿಂಗಳು ಎರಡಾದವು. ಆಗ ಪಿಳಿಪಿಳಿಯ ಬೆರಳಿನಲ್ಲಿ ಉಗುರೇ ಉಳಿದಿರಲಿಲ್ಲ. ಮೊದಲೆಲ್ಲ ಭಾನುವಾರ ಬೆಳಗ್ಗೆ ಮೆಟ್ಟಿಲ ಮೇಲೆ ಕೂತು ನಾನೇ ಅವಳ ಉಗುರು ಕತ್ತರಿಸುತ್ತಿದ್ದೆ. ಒಂದೊಂದು ಬೆರಳಿಗೂ ಒಂದೊಂದು ಹೆಸರಿಟ್ಟು, ಯಾರದು ಬಾಕಿ ಎಂದು ಕೇಳುತ್ತಿದ್ದಳು. ಈಗ ಆ ಕೆಲಸ ಕಚೇರಿಯ ಅವಧಿಯಲ್ಲೇ ತಾನಾಗಿ ಮುಗಿಯುತ್ತಿತ್ತು. ಐದನೇ ತಿಂಗಳು ಅದೂ ನಿಂತು ಸೊನ್ನೆಗಳು ಬಂದವು. ಒಬ್ಬನನ್ನು ಗರಗಸದಿಂದ ಕೊಯ್ಯುವಾಗ ಅವಳು ಬಿಸ್ಕತ್ತು ತಿನ್ನುತ್ತಿದ್ದಳು, ಕಣ್ಣನ್ನೂ ಪಿಳುಕಿಸಲಿಲ್ಲ.

ಇಲಾಖೆ ಪ್ರಕಟಣೆ ಹೊರಡಿಸಿತು: ‘ಟಿವಿಯಲ್ಲಿ ಹಿಂಸೆಯ ಪ್ರಮಾಣವು ಐದೇ ತಿಂಗಳಲ್ಲಿ ಸೊನ್ನೆಗೆ ಇಳಿದಿರುವುದನ್ನು ತಿಳಿಸಲು ಹರ್ಷಿಸುತ್ತೇವೆ. ತಂದೆತಾಯಿಗಳು ನಿಶ್ಚಿಂತೆಯಿಂದ ಅಡುಗೆಮನೆಯಲ್ಲಿರಬಹುದು.’ ಹಳೆಯ ಹದಿನಾಲ್ಕನ್ನೂ ಮರುಪರೀಕ್ಷೆ ಮಾಡಿ ಬಿಡುಗಡೆ ಮಾಡಲಾಯಿತು. ಸಾಹೇಬರಿಗೆ ಸನ್ಮಾನವಾಯಿತು.

ಆ ವಾರವೇ ಪಿಳಿಪಿಳಿ ಮನೆಯ ಮೆಟ್ಟಿಲಿನಿಂದ ಬಿದ್ದು ಹಣೆ ಒಡೆದುಕೊಂಡಳು. ಅಳಲಿಲ್ಲ. ನನ್ನ ಕೈಯಲ್ಲಿ ಪೆನ್ನಿದೆಯೇ ಎಂದು ನೋಡಿ, ‘ಸೊನ್ನೆ ತಾನೇ ಅಪ್ಪ?’ ಎಂದಳು. ಹೆಂಡತಿ ಅವಳಿಗೆ ಮೂರು ಹೊಲಿಗೆ ಹಾಕಿಸಿಕೊಂಡು ಬಂದಳು. ಆ ರಾತ್ರಿ ಮಗಳನ್ನು ತನ್ನ ಪಕ್ಕದಲ್ಲೇ ಮಲಗಿಸಿಕೊಂಡಳು.

ಏಳನೇ ತಿಂಗಳು ಚಾನೆಲ್ ಪ್ರತಿನಿಧಿ ಐದು ನಿಮಿಷದ ಒಂದು ತುಣುಕು ತಂದರು. ಎರಡು ಕೊಲೆಗಳ ನಡುವೆ ಖಾಲಿ ಜಾಗ ಉಳಿದಿತ್ತಂತೆ. ‘ಏನೂ ಇಲ್ಲ ಸಾರ್ ಇದರಲ್ಲಿ. ನಮಗೇ ನಾಚಿಕೆ ಆಗುತ್ತೆ’ ಎಂದರು.

ನಿಜಕ್ಕೂ ಏನೂ ಇರಲಿಲ್ಲ. ಒಬ್ಬ ತಂದೆ ಬಿಸಿಲಲ್ಲಿ ಕೂತು ಮಗಳ ಉಗುರು ಕತ್ತರಿಸುತ್ತಾನೆ. ಸಂಗೀತವಿಲ್ಲ, ಟಿಕ್ ಟಿಕ್ ಸದ್ದು ಮಾತ್ರ. ಒಂದು ಕೈ ಮುಗಿದ ಮೇಲೆ ಅವಳು ಇನ್ನೊಂದು ಕೈ ಕೊಡುತ್ತಾಳೆ.

ಆರನೇ ಬೆರಳಿಗೆ ಪಿಳಿಪಿಳಿ ಕಣ್ಣು ಪಿಳುಕಿಸಿದಳು. ಎಂಟನೆಯದಕ್ಕೆ ತುಟಿ ನಡುಗಿತು. ಹತ್ತನೆಯದಕ್ಕೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಕುರ್ಚಿಯಿಂದ ಇಳಿದು ಬರಿಗಾಲಲ್ಲಿ ನನ್ನ ಬಳಿ ಬಂದು ಎರಡೂ ಕೈ ಮುಂದೆ ಚಾಚಿದಳು. ಕಚ್ಚುವುದು ನಿಂತು ಎರಡು ತಿಂಗಳಾಗಿತ್ತಲ್ಲ, ಉಗುರುಗಳು ಉದ್ದ ಬೆಳೆದು ಒಳಗೆ ಕೊಳೆ ಸೇರಿತ್ತು.

‘ಅಪ್ಪ’ ಎಂದಳು.

ನಾನು ಟ್ರೇಯನ್ನು ಗಟ್ಟಿಯಾಗಿ ಹಿಡಿದು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡೆ.

‘ಪರೀಕ್ಷೆ ಕೆಡುತ್ತೆ ಪುಟ್ಟಾ. ಹೋಗಿ ಕೂತ್ಕೋ.’

ಅವಳು ಹೋಗಿ ಕೂತಳು. ನಾನು ನಾಲ್ಕು ಎಂದು ಬರೆದೆ. ಸಾಹೇಬರು ಪಟ್ಟಿಯನ್ನು ಕೈಗೆತ್ತಿಕೊಂಡು ನೋಡಿದರು.

‘ನೋಡಿದ್ರಾ? ಎಂಥ ಅಪಾಯ ಒಳಗೆ ನುಸುಳ್ತಿತ್ತು! ಇಲಾಖೆ ಬೇಡ ಅಂದವರು ಈಗ ಎಲ್ಲಿದ್ದಾರೆ?’ ಎಂದು ಅವರು ಮೇಜು ಕುಟ್ಟಿದರು. ಚಾನೆಲ್ಲಿನವರು ವೀಕ್ಷಕರ ಕ್ಷಮೆ ಕೋರಿ, ಆ ಐದು ನಿಮಿಷಕ್ಕೆ ಮೂರನೆಯ ಕೊಲೆ ಹಾಕಿದರು. ಸಕಾಲಕ್ಕೆ ಎಚ್ಚರಿಸಿದ್ದಕ್ಕೆ ತಂದೆತಾಯಿಗಳ ಸಂಘದಿಂದ ಅಭಿನಂದನಾ ಪತ್ರ ಬಂತು. ಆದೇಶದ ಕರಡು ನನ್ನದೇ, ಪಿಳಿಪಿಳಿಯ ಎದುರಲ್ಲೇ ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದದ್ದು: ‘ತಂದೆಯಾದವನು ಮಗುವಿನ ಕೈ ಹಿಡಿದು ಉಗುರು ಕತ್ತರಿಸುವ ದೃಶ್ಯವನ್ನು ಯಾವುದೇ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳತಕ್ಕದ್ದು.’

ಮುಂದಿನ ಭಾನುವಾರ ಮಾದರಿ ಮಗುವಿಗೆ ರಜೆ ಕೊಟ್ಟರು. ನಾನು ಮೆಟ್ಟಿಲ ಮೇಲೆ ಅವಳನ್ನು ಕೂರಿಸಿಕೊಂಡು ಜೇಬಿನಿಂದ ನೇಲ್ ಕಟರ್ ತೆಗೆದೆ. ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

‘ಅಪ್ಪ, ಇದನ್ನ ಮಕ್ಕಳ ಮುಂದೆ ಮಾಡಬಾರದು ಅಂತ ನೀನೇ ಬರ್ದಿದ್ದೀಯಲ್ಲ?’

‘ಹೌದಲ್ಲ’ ಎಂದೆ.

ನೇಲ್ ಕಟರನ್ನು ಅಟ್ಟದ ಮೇಲೆ, ಮಕ್ಕಳ ಕೈಗೆ ಸಿಗದ ಹಾಗೆ, ಔಷಧಿ ಡಬ್ಬಿಯ ಹಿಂದೆ ಇಟ್ಟೆ. ನಾನು ಬೀಳದಿರಲೆಂದು ಹೆಂಡತಿ ಕೆಳಗೆ ಸ್ಟೂಲು ಹಿಡಿದುಕೊಂಡಿದ್ದಳು.